ಯಾರ ಮಾತು ಯಾರ ಕಿವಿಗೆ

ಲಿನಕ್ಸಿನಲ್ಲಿ ಆಲ್ಸಾಮಿಕ್ಸರ್ ಅಂತ ಒಂದು ಪ್ರೋಗ್ರಾಂ ಇದೆ. ಕಪ್ಪು ತೆರೆಯ ಮೇಲೆ ಸಾಲಾಗಿ ನಿಂತ ಕಂಬಗಳು, ಒಂದೊಂದರ ಬುಡದಲ್ಲೂ ಒಂದು ಪುಟ್ಟ ಚೌಕ. ಚೌಕದಲ್ಲಿ ಎರಡು ಸೊನ್ನೆ ಕಂಡರೆ ಸದ್ದಿನ ಆ ದಾರಿ ತೆರೆದಿದೆ. ಎರಡು ‘ಎಂ’ ಕಂಡರೆ ಬಾಯಿ ಮುಚ್ಚಿಸಿದ್ದಾರೆ. ಕೀಬೋರ್ಡಿನಲ್ಲಿ ಎಂ ಒತ್ತಿದರೆ ಬಾಯಿ ತೆರೆಯುತ್ತದೆ, ಮತ್ತೊಮ್ಮೆ ಒತ್ತಿದರೆ ಮುಚ್ಚುತ್ತದೆ. ಚಿತ್ರವಿಲ್ಲ, ಅಲಂಕಾರವಿಲ್ಲ, ಸ್ವಾಗತದ ಮಾತೂ ಇಲ್ಲ. ಇದರ ಹಿಂದಿರುವ ಆಲ್ಸಾ ಎಂಬ ವ್ಯವಸ್ಥೆ ಮೊದಮೊದಲು ಎಲ್ಲ ದಾರಿಗಳನ್ನೂ ಮುಚ್ಚಿಯೇ ಕೈಗೆ ಕೊಡುತ್ತಿತ್ತು. ಸೌಂಡ್ ಕಾರ್ಡ್ ಸರಿಯಿದೆ, ಡ್ರೈವರ್ ಸರಿಯಿದೆ, ಸ್ಪೀಕರಿನ ದೀಪವೂ ಉರಿಯುತ್ತಿದೆ, ಸದ್ದು ಮಾತ್ರ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಲಿನಕ್ಸ್ ಹಾಕಿಕೊಂಡು ಮೆರೆದ ಹುಡುಗರೆಲ್ಲ ಒಂದಲ್ಲ ಒಂದು ರಾತ್ರಿ ಅದರ ತಿರುಳಾದ ಕರ್ನಲ್ಲನ್ನೇ ಹೊಸದಾಗಿ ಕಟ್ಟಿ ಮುಗಿಸಿ, ಬೆಳಗಿನ ಜಾವ ಎಂ ಒತ್ತಿ, ಯಾರಿಗೂ ಹೇಳದೆ ಮಲಗಿದ್ದಾರೆ.

ಹಾಗೆ ಮುಚ್ಚಿ ಕೊಡುವುದರಲ್ಲಿ ತರ್ಕವಿಲ್ಲದಿಲ್ಲ. ಯಾವ ದಾರಿ ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಎಲ್ಲವನ್ನೂ ತೆರೆದಿಟ್ಟರೆ ಮೈಕಿನ ಸದ್ದು ಸ್ಪೀಕರಿಗೆ ಹೋಗಿ, ಸ್ಪೀಕರಿನದು ತಿರುಗಿ ಮೈಕಿಗೆ ಬಂದು, ಕಲ್ಯಾಣಮಂಟಪಗಳಲ್ಲಿ ನಾವೆಲ್ಲ ಕಿವಿ ಮುಚ್ಚಿಕೊಂಡು ಕೇಳಿರುವ ಆ ಕೀರಲು ಕೂಗು ಏಳುತ್ತದೆ. ಅದಕ್ಕಿಂತ ಮೌನವೇ ವಾಸಿ.

ಪಾಡ್‌ಕಾಸ್ಟ್ ಒಂದರ ದೆಸೆಯಿಂದ ನಾನೂ ಈ ದಾರಿಗಳ ಗೊಡವೆಗೆ ಬಿದ್ದೆ. ಅದನ್ನು ಮಾಡೋಣ ಅಂತ ಹೊರಟವನು ನಾನಲ್ಲ, ನನ್ನ ಗೆಳೆಯ. ನಾವಿಬ್ಬರೂ ಮೈಸೂರಿನ ಒಂದೇ ವಠಾರದಲ್ಲಿ ಬೆಳೆದವರು. ಅವನು ಕೆಲಸದ ಮೇಲೆ ಶಿರಸಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಫೋನ್ ಮಾಡಿದಾಗಲೆಲ್ಲ ನಮ್ಮ ಮಾತು ಬಂದು ನಿಲ್ಲುವುದು ವಠಾರದ ಮಾಲೀಕರ ಮೇಲೆಯೇ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಸಂಜೆ ಏಳರ ಮೇಲೆ ಒರಳು ತಿರುಗಿಸುವಂತಿಲ್ಲ. ಏಕಾದಶಿಯ ದಿನ ಯಾರ ಮನೆಯಿಂದಲೂ ಈರುಳ್ಳಿ ಒಗ್ಗರಣೆಯ ವಾಸನೆ ಬರಕೂಡದು. ಈ ಸರಕು ಎಷ್ಟು ಕಂತಿಗಾದರೂ ಸಾಕು ಎಂದು ಅವನ ಲೆಕ್ಕ. “ಲೋ, ನಾವು ಹೇಗೂ ಹರಟೆ ಹೊಡೀತೀವಿ. ಅದನ್ನೇ ಹಿಡಿದಿಡೋಕೇನು ಕಷ್ಟ?” ಅಂದ.

ನನ್ನ ಹತ್ತಿರ ಇದ್ದದ್ದು ತಂಗಿಯ ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಅವನೇ ಹಾಕಿಕೊಟ್ಟ ಲಿನಕ್ಸ್, ಅಂಗಡಿಯಿಂದ ತಂದ ಒಂದು ಯುಎಸ್‌ಬಿ ಮೈಕು. ಹುಡುಗನನ್ನು ವಿಚಾರಿಸಿದೆ. “ಇದರಲ್ಲಿ ಎಲ್ಲಾ ಆಗತ್ತೆ ಮಾಮ. ಆದ್ರೆ ಎಲ್ಲಾನೂ ನೀವೇ ಹೇಳ್ಬೇಕು” ಅಂದ. ಲಿನಕ್ಸಿನ ಬಗ್ಗೆ ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹೇಳಬೇಕಾದದ್ದು ಇಷ್ಟೊಂದು ಏಕೆ ಬೆಳೆಯಿತು ಎಂಬುದಕ್ಕೆ ಒಂದು ಪುರಾಣವೇ ಇದೆ. ಮೊದಲಿದ್ದ ಓಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ, ಬಹುತೇಕ ಕಾರ್ಡುಗಳ ಮಟ್ಟಿಗೆ, ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಮಾತಾಡಬಹುದಿತ್ತು. ಹಾಡು ಹಾಕಿಕೊಂಡಿದ್ದರೆ ಮುಗಿಯಿತು, ಬೇರೆ ಯಾವ ಪ್ರೋಗ್ರಾಮೂ ಗಂಟೆ ಬಾರಿಸುವಂತಿಲ್ಲ. ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ತನ್ನ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗೆ ಒಳ್ಳೆಯ ಡ್ರೈವರ್ ಬೇಕೆಂದು ಕೈಹಾಕಿದ ಕೆಲಸ 1998ರ ಹೊತ್ತಿಗೆ ಆಲ್ಸಾ ಆಗಿ ಬೆಳೆದು, 2003ರ ಡಿಸೆಂಬರಿನಲ್ಲಿ ಹೊರಬಂದ 2.6ರ ಕರ್ನಲ್ಲಿನಲ್ಲಿ ಹಳೆಯದರ ಜಾಗ ಹಿಡಿಯಿತು. ಅಷ್ಟರಲ್ಲಿ ಪಾಲ್ ಡೇವಿಸ್ ಎಂಬಾತ, ಒಂದು ಪ್ರೋಗ್ರಾಮಿನ ಸದ್ದನ್ನು ಇನ್ನೊಂದಕ್ಕೆ ಮುಟ್ಟಿಸುವ ಜ್ಯಾಕ್ ಬರೆದಿದ್ದ. ಅಮೆಜಾನ್ ಕಂಪನಿಯ ಮೊಟ್ಟಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬನಾಗಿದ್ದು, ಅದನ್ನು ಬಿಟ್ಟು ಸಂಗೀತಗಾರರ ತಂತ್ರಾಂಶ ಬರೆಯಲು ಕೂತ ಮನುಷ್ಯ. ಆರ್ಡರ್ ಎಂಬ ರೆಕಾರ್ಡಿಂಗ್ ತಂತ್ರಾಂಶವೂ ಅವನದೇ. ಪುಸ್ತಕ ಮಾರುವ ಅಂಗಡಿ ಬಿಟ್ಟು ತಂಬೂರಿ ಶ್ರುತಿ ಮಾಡಲು ಹೋದವರು ನಮ್ಮಲ್ಲೂ ಇದ್ದಾರೆ, ಆದರೆ ಬಿಟ್ಟ ಅಂಗಡಿ ಅಷ್ಟು ದೊಡ್ಡದಾಗಿ ಬೆಳೆದದ್ದಿಲ್ಲ.

ಜ್ಯಾಕ್ ಸಂಗೀತಗಾರರಿಗೆ. ಮಾಮೂಲಿ ಜನಕ್ಕೆಂದು 2004ರಲ್ಲಿ ಲೆನಾರ್ಟ್ ಪೋಟರಿಂಗ್ ಪಲ್ಸ್‌ಆಡಿಯೊ ಶುರುಮಾಡಿದ. ಅದು 2007–08ರ ಸುಮಾರಿಗೆ ಫೆಡೋರಾ, ಉಬುಂಟು ಎಂಬ ಲಿನಕ್ಸ್ ವಿತರಣೆಗಳ ಒಳಗೆ ಬಂದಾಗ ಸಿಕ್ಕಷ್ಟು ಬೈಗುಳ ಬೇರೆ ಯಾವ ತಂತ್ರಾಂಶಕ್ಕೂ ಸಿಕ್ಕಿರಲಿಕ್ಕಿಲ್ಲ. ಬರಬರುತ್ತಾ ಸರಿಹೋಯಿತು, ಆದರೆ ಬೈದವರು ಬೈಗುಳವನ್ನು ವಾಪಸು ತೆಗೆದುಕೊಳ್ಳಲಿಲ್ಲ. ಪಲ್ಸ್ ಮತ್ತು ಜ್ಯಾಕ್ ಎರಡೂ ಒಂದೇ ಕಾರ್ಡನ್ನು ಹಿಡಿಯಲು ಹೋಗಿ ಒಂದನ್ನು ಇನ್ನೊಂದು ಹೊರಗೆ ಹಾಕುತ್ತಿದ್ದವು. ಈ ವ್ಯಾಜ್ಯವನ್ನು ಕಡೆಗೆ ತೀರಿಸಿದ್ದು ಬೆಲ್ಜಿಯಂನ ವಿಮ್ ಟೈಮನ್ಸ್ ಕಟ್ಟಿದ ಪೈಪ್‌ವೈರ್. ತಮಾಷೆಯೆಂದರೆ ಅದು ಹುಟ್ಟಿದ್ದೇ ವಿಡಿಯೊಗಾಗಿ. ಧ್ವನಿಯ ಕೆಲಸಕ್ಕೆ ಇಳಿದ ಮೇಲೆ ಅದು ಹಿಡಿದ ಉಪಾಯ ಭಾರಿ ಸರಳ: ಪಲ್ಸ್‌ಆಡಿಯೊ ಎಲ್ಲಿ ಎಂದು ಕೇಳಿಕೊಂಡು ಬಂದವರಿಗೆ ‘ನಾನೇ’ ಎನ್ನುತ್ತದೆ; ಜ್ಯಾಕ್ ಎಲ್ಲಿ ಎಂದು ಬಂದವರಿಗೂ ‘ನಾನೇ’ ಎನ್ನುತ್ತದೆ. ಇಬ್ಬರೂ ನಂಬಿಕೊಂಡು ಕೆಲಸ ಮುಗಿಸಿ ಹೋಗುತ್ತಾರೆ. 2021ರ ಏಪ್ರಿಲ್‌ನಲ್ಲಿ ಬಂದ ಫೆಡೋರಾ 34 ಇದನ್ನೇ ಮೊದಲಾಯ್ಕೆ ಮಾಡಿಕೊಂಡಿತು. ಈಗ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೇ.

ಈ ಪೈಪ್‌ವೈರಿನ ಒಳಗನ್ನು ಕಣ್ಣಾರೆ ನೋಡಲು ಕ್ಯುಪಿಡಬ್ಲ್ಯುಗ್ರಾಫ್ ಅಂತೊಂದು ಸಾಧನವಿದೆ. ಹೆಸರನ್ನು ಬಾಯಲ್ಲಿ ಹೇಳುವ ಅಗತ್ಯವೇ ಬೀಳಬಾರದು ಎಂದು ಇಟ್ಟಂತಿದೆ. ತೆರೆದರೆ ಮೈಕಿಗೊಂದು ಪೆಟ್ಟಿಗೆ, ಬ್ರೌಸರಿಗೊಂದು, ಹೆಡ್‌ಫೋನಿಗೊಂದು. ಮೌಸಿನಲ್ಲಿ ಎಳೆದು ಒಂದರಿಂದ ಇನ್ನೊಂದಕ್ಕೆ ತಂತಿ ಹಾಕಬಹುದು, ಕೀಳಬಹುದು. ದೊಡ್ಡ ಸ್ಟುಡಿಯೊಗಳಲ್ಲಿ ಗೋಡೆಯ ತುಂಬ ಇರುವ ಪ್ಯಾಚ್‌ಬೇ ಎಂಬ ತೂತಿನ ಹಲಗೆ ಇದೇ. ಇಲ್ಲಿ ತೂತಿಗೆ ಕಾಸಿಲ್ಲ. ಮನಸ್ಸು ಬಂದರೆ ಮೈಕನ್ನು ರೆಕಾರ್ಡರಿಗೂ ಕರೆಗೂ ಹೆಡ್‌ಫೋನಿಗೂ ಒಟ್ಟಿಗೇ ಜೋಡಿಸಬಹುದು. ಸದ್ದನ್ನು ಅದು ಹೊರಟಲ್ಲಿಗೇ ತಿರುಗಿ ಜೋಡಿಸಿದರೂ ಕಂಪ್ಯೂಟರ್ ಯಾಕಪ್ಪಾ ಎಂದು ಕೇಳುವುದಿಲ್ಲ.

ತಂತಿ ಹಾಕುವುದು ಮಕ್ಕಳಾಟ. ಯಾವುದನ್ನು ಹಾಕಬಾರದು ಎಂಬುದರಲ್ಲಿ ಎಲ್ಲ ಇದೆ. ನಮ್ಮ ಹರಟೆಗೆ ಮೂರು ಸದ್ದುಗಳು: ನನ್ನ ಮೈಕು, ಶಿರಸಿಯಿಂದ ಬರುವ ಗೆಳೆಯನ ದನಿ, ಕಂತಿನ ಆದಿಗೂ ಅಂತ್ಯಕ್ಕೂ ಬಾರಿಸಲೆಂದು ಇಟ್ಟುಕೊಂಡ ಒಂದು ಚೂರು ವೀಣೆ. ಕೇಳುವವರೂ ಮೂವರು: ನಾನು, ಅವನು, ರೆಕಾರ್ಡರು. ಮೂರು ಮೂರಲೆ ಒಂಬತ್ತು ಕಡೆ ಹೌದು-ಅಲ್ಲ ಹೇಳಬೇಕು. ಅಂಗಡಿಯಲ್ಲಿ ಸಿಗುವ ಮಿಕ್ಸರ್ ಹಲಗೆಯ ಮೇಲೆ ಇವುಗಳಲ್ಲಿ ಮುಕ್ಕಾಲು ಪಾಲನ್ನು ಮಾಡಿದವರೇ ತೀರ್ಮಾನಿಸಿರುತ್ತಾರೆ. ಇಲ್ಲಿ ಒಂಬತ್ತೂ ನಮ್ಮ ತಲೆಯ ಮೇಲೆ.

ಎಲ್ಲ ಒಂಬತ್ತಕ್ಕೂ ಹೌದು ಎಂದರೆ ಏನಾಗುತ್ತದೆ? ಕಂಪ್ಯೂಟರಿನಲ್ಲಿ ಮೊಳಗುವುದೆಲ್ಲ ಶಿರಸಿಗೆ ಹೋಗುತ್ತದೆ; ಅದರಲ್ಲಿ ಶಿರಸಿಯಿಂದ ಬಂದದ್ದೂ ಇರುತ್ತದೆ. ನಮಗೆ ಆದದ್ದೂ ಅದೇ: ಗೆಳೆಯ ಮಾಲೀಕರ ಬೀಗದ ಕಥೆ ಶುರುಮಾಡಿದವನು ಎರಡು ವಾಕ್ಯಕ್ಕೆ ತಡವರಿಸಿ, ಮೂರನೆಯದರಲ್ಲಿ ಎಳೆಯತೊಡಗಿ, ನಾಲ್ಕನೆಯದರಲ್ಲಿ ನಿಂತುಬಿಟ್ಟ. “ಏನೋ ಇದು, ನನ್ನ ಮಾತೇ ನನ್ನ ಹಿಂದಿಂದ ಬಂದು ನನ್ನನ್ನ ಹಿಡ್ಕೋತಾ ಇದೆ!”

ಅವನ ದೂರಿಗೆ ವಿಜ್ಞಾನದ ಬೆಂಬಲವಿದೆ. ಮನುಷ್ಯನಿಗೆ ತನ್ನದೇ ದನಿಯನ್ನು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ತಡಮಾಡಿ ಕೇಳಿಸಿದರೆ, ಎಂಥ ವಾಗ್ಮಿಯೂ ತೊದಲುತ್ತಾನೆ. ಬರ್ನಾರ್ಡ್ ಲೀ ಎಂಬಾತ 1950ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಜಪಾನಿನ ಇಬ್ಬರು ಸಂಶೋಧಕರು ಇದೇ ತತ್ವದಿಂದ ಎದುರಿನವರ ಬಾಯಿ ಕಟ್ಟುವ ಸ್ಪೀಚ್‌ಜ್ಯಾಮರ್ ಎಂಬ ಯಂತ್ರ ಮಾಡಿ, 2012ರಲ್ಲಿ ಇಗ್‌ನೊಬೆಲ್ ಬಹುಮಾನವನ್ನೂ ಪಡೆದರು. ನಮ್ಮ ಸಾಹಿತ್ಯ ಸಭೆಗಳಿಗೆ ಅದು ಇನ್ನೂ ಯಾಕೆ ಬಂದಿಲ್ಲವೋ!

ರೇಡಿಯೊ ಎಂಜಿನಿಯರುಗಳು ಇದಕ್ಕೆ ಮದ್ದನ್ನು ಹಿಂದೆಯೇ ಕಂಡುಕೊಂಡಿದ್ದಾರೆ. ಮಿಕ್ಸ್-ಮೈನಸ್ ಎಂದು ಅದರ ಹೆಸರು. ಫೋನಿನಲ್ಲಿರುವ ಅತಿಥಿಗೆ ಇಡೀ ಕಾರ್ಯಕ್ರಮವನ್ನು ಕೇಳಿಸಬೇಕು, ಅವನೊಬ್ಬನ ದನಿಯನ್ನು ಕಳೆದು. ಇಬ್ಬರು ಅತಿಥಿಗಳಿದ್ದರೆ ಎರಡು ಬೇರೆ ಬೇರೆ ಮಿಶ್ರಣ; ಇವನಿಗೆ ಇವನನ್ನು ಕಳೆದದ್ದು, ಅವನಿಗೆ ಅವನನ್ನು ಕಳೆದದ್ದು. ಕೇಳುವವನಿಗೆ ಇದೊಂದೂ ಗೊತ್ತಾಗಬಾರದು.

ಇದನ್ನು ಓದಿದಾಗ ನನಗೆ ಹೊಸದೆನ್ನಿಸಲಿಲ್ಲ. ವಠಾರದ ಅಡುಗೆಮನೆಯಲ್ಲಿ ನಿಂತು ನನ್ನಮ್ಮ ಮಾಡುತ್ತಿದ್ದದ್ದು ಇದನ್ನೇ. ನಡುಮನೆಯಲ್ಲಿ ನೆಂಟರು, ಗೋಡೆಯ ಆಚೆ, ಆ ಗೋಡೆಯೂ ಸೂರಿನವರೆಗೆ ಹೋಗದ ಅರೆಗೋಡೆ, ಮಾಲೀಕರ ಮನೆಯಾಕೆ, ಹಿತ್ತಲ ಬಾಗಿಲಲ್ಲಿ ನಾನು. ಸಕ್ಕರೆ ಮುಗಿದಿದೆ ಎಂಬುದು ನನಗೆ ಕೇಳಬೇಕು, ನೆಂಟರಿಗೆ ಕೇಳಬಾರದು. ನೆಂಟರು ಇವತ್ತೇ ಹೊರಡುತ್ತಾರೆ ಎಂಬುದು ಅರೆಗೋಡೆಯ ಆಚೆಗೆ ಕೇಳಬೇಕು, ಏಕೆಂದರೆ ಎರಡು ರಾತ್ರಿಯ ಮೇಲೆ ಉಳಿದರೆ ನೀರಿನ ಲೆಕ್ಕ ಬರುತ್ತಿತ್ತು. ಅದು ನೆಂಟರ ಕಿವಿಗೆ ಬೀಳಲೇಕೂಡದು. ಇನ್ನು ಬಾಡಿಗೆ ಕೊಟ್ಟಾಗಿದೆ ಎಂಬುದು ಎಲ್ಲರಿಗೂ ಕೇಳಬೇಕು. ಅಮ್ಮ ದನಿ ಏರಿಸಿದ್ದಾಗಲಿ ಇಳಿಸಿದ್ದಾಗಲಿ ಗೊತ್ತಾಗುತ್ತಿರಲಿಲ್ಲ. ಪಾತ್ರೆ ತೊಳೆಯುವ ಸದ್ದನ್ನು ಎಲ್ಲಿ ಬೇಕೋ ಅಲ್ಲಿ ಬಿಟ್ಟು, ಎಲ್ಲಿ ಬೇಡವೋ ಅಲ್ಲಿ ತಡೆದು, ಮುಖ ಒಂದಿಷ್ಟು ಒಲೆಯ ಕಡೆಗೆ ತಿರುಗಿಸಿ ಮೂರು ಮಿಶ್ರಣಗಳನ್ನು ಒಟ್ಟಿಗೆ ನಡೆಸುತ್ತಿದ್ದಳು. ನಾನು ಸಕ್ಕರೆ ತರುವಷ್ಟರಲ್ಲಿ ನೆಂಟರು ಚೀಲ ಕಟ್ಟಿರುತ್ತಿದ್ದರೆ, ಅದೂ ಯೋಜನೆಯ ಭಾಗವೇ ಇರಬೇಕು.

ಲಿನಕ್ಸಿನಲ್ಲಿ ಇಷ್ಟು ಪ್ರತಿಭೆ ಬೇಡ. ಜ್ಯಾಕ್ ಮಿಕ್ಸರ್ ಎಂಬ ಚಿಕ್ಕ ಪ್ರೋಗ್ರಾಮಿನಲ್ಲಿ ಬಂದ ಒಂದೊಂದು ಸದ್ದಿಗೂ ಒಂದೊಂದು ಪಟ್ಟಿ. ಹೊರಗೆ ಹೋಗುವ ದಾರಿ ಹೊಸದಾಗಿ ಸೇರಿಸಿದಂತೆಲ್ಲ ಪ್ರತಿ ಪಟ್ಟಿಯಲ್ಲೂ ಆ ದಾರಿಗೆಂದೇ ಒಂದು ಎಂ ಗುಂಡಿ ಹುಟ್ಟಿಕೊಳ್ಳುತ್ತದೆ. ನಾನು ‘ಶಿರಸಿ’ ಎಂದೊಂದು ದಾರಿ ಮಾಡಿದೆ. ಗೆಳೆಯನ ಪಟ್ಟಿಯಲ್ಲಿ ಶಿರಸಿಯ ಎಂ ಒತ್ತಿದೆ. ಅಷ್ಟೇ. ಇನ್ನು ಆ ದಾರಿಯನ್ನು ಬ್ರೌಸರಿನೊಳಗಿನ ಕರೆಗೆ ಮುಟ್ಟಿಸಬೇಕು. ಬ್ರೌಸರಿಗೋ ಮೈಕಿನ ಹೊರತು ಬೇರೆ ಭಾಷೆ ತಿಳಿಯದು. ಅದಕ್ಕೆ ಒಂದೇ ಸಾಲಿನ ಆಜ್ಞೆ ಕೊಟ್ಟು ಇಲ್ಲದ ಮೈಕೊಂದನ್ನು ಸೃಷ್ಟಿಸುತ್ತಾರೆ. ತಂತಿಯಿಲ್ಲ, ಪೆಟ್ಟಿಗೆಯಿಲ್ಲ, ಬೆಲೆಯಿಲ್ಲ. ಆದರೂ ಪಟ್ಟಿಯಲ್ಲಿ ಹೆಸರು ಬರುತ್ತದೆ, ವಾಲ್ಯೂಮ್ ಗುಂಡಿಯೂ ಇರುತ್ತದೆ, ಬ್ರೌಸರು ಅನುಮಾನವಿಲ್ಲದೆ ನಂಬುತ್ತದೆ. ನಮ್ಮ ಕಡೆ ಇಂಥದ್ದು ಪಂಚಾಯಿತಿಯ ಕಾಮಗಾರಿ ಪಟ್ಟಿಯಲ್ಲಿ ಮಾತ್ರ ಸಾಧ್ಯ ಅಂದುಕೊಂಡಿದ್ದೆ.

ಒಂದು ಕಿರಿಕಿರಿ ಉಂಟು. ವೈರ್‌ಪ್ಲಂಬರ್ ಎಂಬೊಬ್ಬ ಮೇಸ್ತ್ರಿ ಹಿನ್ನೆಲೆಯಲ್ಲಿ ಓಡಾಡಿಕೊಂಡಿರುತ್ತಾನೆ. ಹೊಸದಾಗಿ ಬಂದ ಸದ್ದನ್ನೆಲ್ಲ ತನಗೆ ತೋಚಿದ ಕಡೆ ಜೋಡಿಸುವುದು ಅವನ ಧರ್ಮ. ಶಿರಸಿಯಲ್ಲಿ ಕರೆಂಟು ಹೋಗಿ ಗೆಳೆಯ ಮತ್ತೆ ಕರೆಗೆ ಬಂದನೆಂದರೆ, ನಾವು ಹಾಕಿದ ತಂತಿ ಬಿಟ್ಟು ನೇರ ಹೆಡ್‌ಫೋನಿಗೆ ತಂದು ಹಚ್ಚಿಬಿಡುತ್ತಾನೆ. ಕ್ಯುಪಿಡಬ್ಲ್ಯುಗ್ರಾಫಿನಲ್ಲಿ ತಂತಿಗಳ ನಕ್ಷೆಯನ್ನು ಉಳಿಸಿ ಜಾರಿಯಲ್ಲಿಟ್ಟರೆ ಇದಕ್ಕೆ ಪರಿಹಾರವಿದೆ. ಇದನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಮೇಲೆ ಭರವಸೆ ಇಡಬಾರದು.

ತಡದ ಮಾತು ಬಂತಲ್ಲ. ಕಂಪ್ಯೂಟರ್ ಸದ್ದನ್ನು ಹನಿಹನಿಯಾಗಿ ಒಯ್ಯುವುದಿಲ್ಲ, ಕೊಡ ತುಂಬಿದ ಮೇಲೆ ಎತ್ತುತ್ತದೆ. ಸೆಕೆಂಡಿಗೆ 48,000 ಮಾದರಿ ಹಿಡಿಯುವಾಗ ಕೊಡ 1024ರದ್ದಾದರೆ ತುಂಬಲು 21 ಮಿಲಿಸೆಕೆಂಡು; 256ರದ್ದಾದರೆ ಐದು ಚಿಲ್ಲರೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ, ಐದು ಮಿಲಿಸೆಕೆಂಡಿನ ತಡವೆಂದರೆ ಆರಡಿ ದೂರದಲ್ಲಿ ಕೂತವರ ಮಾತು ನಮ್ಮನ್ನು ಮುಟ್ಟುವ ಹೊತ್ತು. ಜಗಲಿಯ ಆ ತುದಿಯಲ್ಲಿ ಕೂತವನ ಜೊತೆ ಮಾತಾಡಲು ಯಾರಿಗೂ ತೊಂದರೆಯಾಗಿಲ್ಲ. ಕೊಡವನ್ನು ಇನ್ನೂ ಚಿಕ್ಕದು ಮಾಡುತ್ತೇನೆಂಬ ಚಪಲ ಬೇಡ. ಹಳೆಯ ಲ್ಯಾಪ್‌ಟಾಪು ಎತ್ತಿ ಎತ್ತಿ ಸೋತು ನಡುವೆ ಒಂದನ್ನು ಬಿಟ್ಟುಬಿಡುತ್ತದೆ, ಕಿವಿಯಲ್ಲಿ ಚಟ್ ಎನ್ನುತ್ತದೆ. ಹರಟೆಗೆ 256 ಧಾರಾಳ.

ಸದ್ದಿನ ಮಟ್ಟದ ವಿಷಯ ಇನ್ನೂ ಚಿಕ್ಕದು. ಡಿಜಿಟಲ್ ಜಗತ್ತಿನಲ್ಲಿ ಎಲ್ಲಕ್ಕಿಂತ ಎತ್ತರದ ಅಂಕ ಸೊನ್ನೆ. ಉಳಿದವೆಲ್ಲ ಅದರ ಕೆಳಗಿನ ಋಣಸಂಖ್ಯೆಗಳು. ಸೊನ್ನೆ ದಾಟಿದ್ದು ಕತ್ತರಿಸಿ ಹೋಗುತ್ತದೆ, ಆಮೇಲೆ ಯಾವ ಮಂತ್ರಕ್ಕೂ ಮರಳಿ ಬಾರದು. ಜೋರು ಮಾತು −12 ಡೆಸಿಬೆಲ್ ಆಸುಪಾಸಿನಲ್ಲಿ ಇರುವಂತೆ ಮೈಕನ್ನು ತಗ್ಗಿಸಿಕೊಂಡರೆ, ಗೆಳೆಯ ಮಾಲೀಕರ ಅನುಕರಣೆ ಮಾಡಿ ಗುಡುಗಿದಾಗಲೂ ಜಾಗ ಉಳಿದಿರುತ್ತದೆ. ಕೊನೆಗೆ ಇಡೀ ಕಂತಿನ ಸರಾಸರಿ ಗಟ್ಟಿತನವನ್ನು ಎಲ್‌ಯುಎಫ್‌ಎಸ್ ಎಂಬ ಮಾಪನದಲ್ಲಿ ಒಂದು ಅಳತೆಗೆ ತರುವ ಪದ್ಧತಿಯಿದೆ: ಯುರೋಪಿನ ಪ್ರಸಾರಕರು 2010ರಲ್ಲಿ −23 ಎಲ್‌ಯುಎಫ್‌ಎಸ್ ಎಂದು ನಿಗದಿ ಮಾಡಿಕೊಂಡರು, ಪಾಡ್‌ಕಾಸ್ಟಿನವರು ಸಾಮಾನ್ಯವಾಗಿ −16 ಇಡುತ್ತಾರೆ. ಬಸ್ಸಿನಲ್ಲಿ ಕೇಳುವವರಿಗೆ ಅಷ್ಟು ಬೇಕು.

ತಂಗಿಯ ಮಗನಿಗೆ ರೆಕಾರ್ಡಿಂಗ್ ಸಪ್ಪೆ ಎನ್ನಿಸಿತು. “ಲೈವ್ ಬಿಡೋಣ ಮಾಮ” ಎಂದು ಐಸ್‌ಕಾಸ್ಟ್ ಹಾಕಿಕೊಟ್ಟ. ಒಂದು ಕಡೆಯಿಂದ ಸದ್ದು ಒಪ್ಪಿಸಿದರೆ, ಕೇಳಬಂದವರಿಗೆಲ್ಲ ಅದು ಹಂಚುತ್ತದೆ. ಸಾಮಾನ್ಯವಾಗಿ 8000 ಎಂಬ ಬಾಗಿಲಲ್ಲಿ ಕೂತಿರುತ್ತದೆ. ಅದರ ಜೊತೆ ಬರುವ ಮಾದರಿ ಕಡತದಲ್ಲಿ ಗುಪ್ತಪದದ ಜಾಗದಲ್ಲಿ ‘ಹ್ಯಾಕ್‌ಮಿ’ ಎಂದು ಬರೆದಿರುತ್ತದೆ. ಬದಲಾಯಿಸದವರು ಹಾಳಾಗಲಿ ಎಂದು ಇಷ್ಟು ಮುಚ್ಚುಮರೆಯಿಲ್ಲದೆ ಹೇಳಿದ ತಂತ್ರಾಂಶ ಇನ್ನೊಂದಿಲ್ಲ.

ಮನೆಯಿಂದ ಪ್ರಸಾರ ಎಂಬುದು ಮೈಸೂರಿನವರಿಗೆ ಹೊಸ ಶೋಕಿಯೇನಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟಿನ ಒಂದು ಪ್ರೇಷಕ ಇಟ್ಟುಕೊಂಡು ಆಕಾಶವಾಣಿ ಶುರುಮಾಡಿದ್ದು ಇಲ್ಲೇ. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ನಿಂತಿತು. ನನ್ನ ಮೇಜಿನ ದೀಪ ಆ ಪ್ರೇಷಕಕ್ಕಿಂತ ಹೆಚ್ಚು ವಾಟಿನದು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು, ಸಮುದಾಯಗಳಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಸಿಗದಿದ್ದ ಕಾಲದಲ್ಲಿ, ತಮ್ಮ ಕಾರ್ಯಕ್ರಮಗಳನ್ನು ಕೇಬಲ್ಲಿನ ತಂತಿಯ ಮೇಲೆ ಹರಿಸಿ ಮನೆಮನೆಗೆ ಮುಟ್ಟಿಸಿದರು. ಗಾಳಿಗೆ ಪರವಾನಗಿ ಬೇಕು, ತಂತಿಗೆ ಬೇಡ ಎಂಬ ಸೂಕ್ಷ್ಮವನ್ನು ಹಿಡಿದ ಬುದ್ಧಿಗೆ ನಮಸ್ಕಾರ. ರೇಡಿಯೊ ಕೇಳುವುದಕ್ಕೇ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ಅಪ್ಪನ ಮಗ ನಾನು. ಯಾರನ್ನೂ ಕೇಳದೆ ಪ್ರಸಾರ ಮಾಡುವ ಸ್ವಾತಂತ್ರ್ಯ ನನಗೆ ಸ್ವಲ್ಪ ದಿಗಿಲನ್ನೇ ಹುಟ್ಟಿಸಿತು.

ಆದರೆ ಲೈವ್ ಬೇಡವೆಂದದ್ದು ದಿಗಿಲಿಗಲ್ಲ. ನಮ್ಮ ಮಾಲೀಕರ ಹಿರಿಯ ಮಗ ಈಗ ಇರುವುದು ನಮ್ಮ ಪಕ್ಕದ ಬೀದಿಯಲ್ಲಿ. ಸಜ್ಜನ. ಕಿವಿಗೆ ಯಾವಾಗಲೂ ಏನಾದರೂ ಸಿಕ್ಕಿಸಿಕೊಂಡೇ ವಾಕಿಂಗ್ ಹೋಗುತ್ತಾರೆ. ಮಿಕ್ಸರಿನಲ್ಲಿ ಶಿರಸಿಯವನಿಗೆ ಶಿರಸಿಯವನನ್ನು ಕಳೆಯಬಹುದು. ಒಮ್ಮೆ ಪ್ರಸಾರಕ್ಕೆ ಬಿಟ್ಟ ಮೇಲೆ ಪಕ್ಕದ ಬೀದಿಯನ್ನು ಕಳೆಯುವ ಗುಂಡಿ ಯಾವ ಮಿಕ್ಸರಿನಲ್ಲೂ ಇಲ್ಲ. ಹಾಗಾಗಿ ನಾವು ಬೇರೆ ಬೇರೆ ಜಾಡುಗಳಲ್ಲಿ ಹಿಡಿದಿಟ್ಟು, ಆರ್ಡರಿನಲ್ಲಿ ಕೂತು, ಮಾಲೀಕರ ಹೆಸರು ಬಂದಲ್ಲೆಲ್ಲ ಅದನ್ನು ವೀಣೆಯಿಂದ ಮುಚ್ಚುತ್ತೇವೆ. ಕೆಲವು ಕಂತುಗಳು ಹೆಚ್ಚುಕಡಿಮೆ ಕಚೇರಿಯೇ ಆಗಿವೆ.

ಗದ್ದಲ ತೆಗೆಯುವ ತಂತ್ರಾಂಶಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಜಾನ್-ಮಾರ್ಕ್ ವಾಲಾಂ 2017ರಲ್ಲಿ ಕೊಟ್ಟ ಆರ್‌ಎನ್‌ನಾಯ್ಸ್ ಪುಕ್ಕಟೆ ಸಿಗುತ್ತದೆ. ಮಾತನ್ನು ಉಳಿಸಿ ಫ್ಯಾನಿನ ಮೊರೆತವನ್ನು ಚೆನ್ನಾಗಿ ನುಂಗುತ್ತದೆ. ಅದನ್ನು ಮೈಕಿನ ಮೇಲೆ ಮಾತ್ರ ಹಾಕಿ. ಮಾತಿಗೆಂದೇ ಕಲಿತದ್ದು ಅದು, ವೀಣೆಯ ಮೇಲೆ ಹಾಕಿದರೆ ಅದನ್ನೂ ಗದ್ದಲವೆಂದು ಅಗಿದುಬಿಡುತ್ತದೆ.

ಇನ್ನು ನೀವೂ ಈ ಕೆಲಸಕ್ಕೆ ಇಳಿಯುವವರಾದರೆ ದುಡ್ಡನ್ನು ಮೊದಲು ಹೆಡ್‌ಫೋನಿಗೆ ಹಾಕಿ, ಒಂದಲ್ಲ, ಎರಡು; ಒಂದು ಅತಿಥಿಗೆ. ಆ ತುದಿಯಲ್ಲಿ ಅವರು ಸ್ಪೀಕರ್ ಹಾಕಿಕೊಂಡು ಕೂತರೆ ನಿಮ್ಮ ಮಾತು ಅವರ ಸ್ಪೀಕರಿನಿಂದ ಅವರ ಮೈಕಿಗೆ ಬಿದ್ದು ನಿಮಗೇ ತಿರುಗಿ ಬರುತ್ತದೆ, ಈ ತುದಿಯಲ್ಲಿ ನೀವು ಎಷ್ಟು ಎಂ ಒತ್ತಿದರೂ ಅದು ನಿಲ್ಲದು. ಹೆಡ್‌ಫೋನ್ ಹಾಕಿಕೊಳ್ಳಲು ಒಪ್ಪದವರನ್ನು, ಎಷ್ಟೇ ದೊಡ್ಡವರಾಗಿರಲಿ, ಕಾರ್ಯಕ್ರಮಕ್ಕೆ ಕರೆಯಬೇಡಿ.